ಅಟ್ಟದ ಮೇಲೆ ಸಾಯುವ ಬ್ಯಾಟರಿ

ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳಲ್ಲಿ ಯಂತ್ರಗಳ ದುಡಿಮೆಯೂ ಬಿಡುವೂ ಮಳೆಯನ್ನು ನೋಡಿಕೊಂಡೇ ನಡೆಯುತ್ತವೆ. ಘಟ್ಟದ ಬುಡದ ಈ ಸೀಮೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಕೊಳೆರೋಗದ ಹೆದರಿಕೆಯಿಂದ ಮೈಲುತುತ್ತು, ಸುಣ್ಣ ಕದಡಿ ಬೋರ್ಡೋ ದ್ರಾವಣ ಸಿಂಪಡಿಸುವುದು, ಆಳೆತ್ತರ ಬೆಳೆದ ಕಳೆ ಕೊಚ್ಚುವುದು, ಕರೆಂಟು ಹೋದ ರಾತ್ರಿಗಳಲ್ಲಿ ದೀಪ ಉರಿಸುವುದು, ಎಲ್ಲವೂ ಈ ಕೆಲವೇ ತಿಂಗಳುಗಳಲ್ಲಿ ಒತ್ತರಿಸಿ ಬರುತ್ತವೆ. ಕೈಪಂಪು, ಸೀಮೆಎಣ್ಣೆ, ಪೆಟ್ರೋಲಿನ ಜಾಗಕ್ಕೆ ಈಗ ಬ್ಯಾಟರಿ ಬಂದಿದೆ. ಕರಿಮೆಣಸಿನ ಬಳ್ಳಿಗೆ, ಅಡಿಕೆ ಸಸಿಗೆ ಔಷಧ ಬಿಡಲು ಬೆನ್ನಿಗೆ ಕಟ್ಟುವ ಬ್ಯಾಟರಿ ಸ್ಪ್ರೇಯರ್, ಬ್ಯಾಟರಿಯ ಕಳೆ ಕೊಚ್ಚುವ ಯಂತ್ರ, ಬ್ಯಾಟರಿಯ ಗರಗಸ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಪುತ್ತೂರಿನಲ್ಲಿ ನಡೆಸಿದ ಕೃಷಿ ಯಂತ್ರ ಮೇಳಗಳಿಗೆ ಹೋಗಿ ಬಂದವರಿಗೆ ಇವು ಹೊಸತೇನಲ್ಲ. ಮಳೆ ಬಿಟ್ಟ ಮೇಲೆ ಇವುಗಳಲ್ಲಿ ಹೆಚ್ಚಿನವು ಅಟ್ಟ ಸೇರುತ್ತವೆ. ಮುಂದಿನ ಮಳೆಗಾಲದಲ್ಲಿ ಇಳಿಸಿ ಸ್ವಿಚ್ ಒತ್ತಿದರೆ ಸದ್ದಿಲ್ಲ. ಆಗ ಬರುವ ತೀರ್ಪು ಎಲ್ಲ ಕಡೆಯೂ ಒಂದೇ: "ಎರಡು ವರ್ಷ ಬರ್ಲಿಲ್ಲ ಮಾರಾಯ್ರೆ, ಡೂಪ್ಲಿಕೇಟ್ ಮಾಲು." ಈ ಅಧ್ಯಾಯದ ವಾದ ಬೇರೆ. ಇಂಥ ಬ್ಯಾಟರಿಗಳಲ್ಲಿ ಹೆಚ್ಚಿನವು ದುಡಿದು ಸವೆದು ಹೋದವಲ್ಲ. ದುಡಿಮೆ ಮುಗಿದ ಮೇಲೆ ಅವುಗಳನ್ನು ಇಟ್ಟ ರೀತಿ ಅವುಗಳನ್ನು ಕೊಂದಿದೆ.

ಬ್ಯಾಟರಿಯ ಆಯುಸ್ಸನ್ನು ಕಂಪನಿಗಳು ಚಾರ್ಜಿನ ಸುತ್ತುಗಳಲ್ಲಿ ಹೇಳುತ್ತವೆ. ಪೂರ್ತಿ ತುಂಬಿ, ಪೂರ್ತಿ ಬರಿದಾಗಿಸಿದರೆ ಒಂದು ಸುತ್ತು. ಸಾಮಾನ್ಯ ಲಿಥಿಯಂ-ಅಯಾನ್ ಸೆಲ್ಲಿಗೆ 500, ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲಿಗೆ 2000 ಸುತ್ತು ಎಂದು ಬರೆದಿರುವುದನ್ನು ನೋಡುತ್ತೇವೆ. ವರ್ಷಕ್ಕೆ ಮೂವತ್ತೋ ನಲವತ್ತೋ ಸಲ ಚಾರ್ಜ್ ಕಾಣುವ ಸ್ಪ್ರೇಯರಿಗೆ ಈ ಲೆಕ್ಕ ಹಾಕಿದರೆ ಬ್ಯಾಟರಿ ಹತ್ತು ವರ್ಷಕ್ಕೂ ಮೇಲೆ ಬಾಳಬೇಕು. ಬಾಳುವುದಿಲ್ಲ. ಕಾರಣ, ಬ್ಯಾಟರಿಗೆ ಮುಪ್ಪು ಎರಡು ದಾರಿಯಲ್ಲಿ ಬರುತ್ತದೆ. ಒಂದು ಬಳಕೆಯಿಂದ, ಇನ್ನೊಂದು ಬರೇ ಕಾಲ ಕಳೆದದ್ದರಿಂದ. ಲಿಥಿಯಂ ಸೆಲ್ಲಿನ ಒಳಗೆ ಗ್ರಾಫೈಟಿನ ಧ್ರುವ ಮತ್ತು ದ್ರಾವಣ ಒಂದನ್ನೊಂದು ಮುಟ್ಟುವ ಕಡೆ ಒಂದು ತೆಳುವಾದ ಪೊರೆ ಕಟ್ಟುತ್ತದೆ. ಆ ಪೊರೆ ಬೇಕು, ಅದಿಲ್ಲದೆ ಸೆಲ್ ಉಳಿಯದು. ಆದರೆ ಅದು ನಿಧಾನವಾಗಿ ದಪ್ಪವಾಗುತ್ತಲೇ ಹೋಗುತ್ತದೆ. ದಪ್ಪವಾದಷ್ಟೂ ಓಡಾಡಬೇಕಾದ ಲಿಥಿಯಂ ಅದರಲ್ಲಿ ಸಿಕ್ಕಿಬೀಳುತ್ತದೆ. ಯಾರು ನಡೆಯಲಿ ಬಿಡಲಿ ಮಳೆಗಾಲದ ಅಂಗಳಕ್ಕೆ ಪಾಚಿ ಕಟ್ಟಿದ ಹಾಗೆ, ಯಂತ್ರ ಓಡಲಿ ಬಿಡಲಿ ಈ ಪೊರೆ ಬೆಳೆಯುತ್ತದೆ. ಬೆಳೆಯುವ ವೇಗವನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ: ಸೆಲ್ ಇರುವ ಜಾಗದ ಬಿಸಿ, ಮತ್ತು ಸೆಲ್ಲಿನಲ್ಲಿ ಉಳಿದಿರುವ ಚಾರ್ಜ್.

ಕೋಬಾಲ್ಟ್ ಬಳಸುವ ಲಿಥಿಯಂ-ಅಯಾನ್ ಸೆಲ್‌ಗಳ ಬಗ್ಗೆ ಎಂಜಿನಿಯರುಗಳು ಸಾಮಾನ್ಯವಾಗಿ ಬಳಸುವ ಒಂದು ಅಂದಾಜು ಇದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಶೇ. 40 ಚಾರ್ಜ್ ಇಟ್ಟು ಒಂದು ವರ್ಷ ಸುಮ್ಮನೆ ಬಿಟ್ಟರೆ ಸೆಲ್ಲಿನ ಸಾಮರ್ಥ್ಯದಲ್ಲಿ ಸುಮಾರು ಶೇ. 96 ಉಳಿಯುತ್ತದೆ. ಅದೇ ಸೆಲ್ಲನ್ನು ಪೂರ್ತಿ ತುಂಬಿ ಇಟ್ಟರೆ ಉಳಿಯುವುದು ಶೇ. 80. ಜಾಗದ ಬಿಸಿ 40 ಡಿಗ್ರಿಗೆ ಏರಿದರೆ ಈ ಅಂಕಿಗಳು ಶೇ. 85 ಮತ್ತು ಶೇ. 65ಕ್ಕೆ ಇಳಿಯುತ್ತವೆ. ಒಂದೇ ಒಂದು ಸುತ್ತೂ ಓಡದ ಬ್ಯಾಟರಿ, ಬಿಸಿಲು ಕಾಯುವ ತಗಡಿನ ಮಾಡಿನ ಕೆಳಗೆ ತುಂಬಿದ ಹೊಟ್ಟೆಯಲ್ಲಿ ಕುಳಿತು, ತನ್ನ ಶಕ್ತಿಯ ಮೂರರಲ್ಲೊಂದು ಪಾಲನ್ನು ಕಳೆದುಕೊಳ್ಳಬಹುದು ಎಂದಾಯಿತು. ಮಾರ್ಚ್-ಏಪ್ರಿಲ್‌ನಲ್ಲಿ ಪುತ್ತೂರಿನ ಹಗಲು 35 ಡಿಗ್ರಿ ದಾಟುವುದು ಮಾಮೂಲು. ಹಂಚಿನ ಅಥವಾ ತಗಡಿನ ಮಾಡಿಗೆ ತಾಗಿದ ಅಟ್ಟದಲ್ಲಿ ಬಿಸಿ ಅದಕ್ಕಿಂತಲೂ ಹೆಚ್ಚು. ಇಡೀ ಮನೆಯಲ್ಲಿ ಬ್ಯಾಟರಿ ಇಡಬಾರದ ಜಾಗ ಯಾವುದೋ, ಅಲ್ಲಿಗೇ ನಾವು ಅದನ್ನು ಏರಿಸುತ್ತೇವೆ.

ಅಗ್ಗದ ಸ್ಪ್ರೇಯರುಗಳಲ್ಲಿ ಇನ್ನೂ ಇರುವುದು 12 ವೋಲ್ಟಿನ, 8 ಆಂಪಿಯರ್-ಅವರ್‌ನ ಸೀಲ್ ಮಾಡಿದ ಸೀಸ-ಆಮ್ಲ ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದ ಈ ಬಗೆಗೆ ಲಿಥಿಯಂಗೆ ಸರಿ ವಿರುದ್ಧವಾದ ಒಂದು ಗುಣವಿದೆ: ತುಂಬಿ ಕೂರುವುದು ಅದಕ್ಕೆ ಹಿತ, ಬರಿದಾಗಿ ಕೂರುವುದು ವಿಷ. ಚಾರ್ಜ್ ಇಳಿದಂತೆ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ. ಬೇಗ ಮತ್ತೆ ಚಾರ್ಜ್ ಮಾಡಿದರೆ ಅದು ಕರಗಿ ಮೊದಲಿನ ಸ್ಥಿತಿಗೆ ಬರುತ್ತದೆ. ವಾರಗಟ್ಟಲೆ ಬಿಟ್ಟರೆ ಸಣ್ಣ ಹರಳುಗಳು ಸೇರಿ ದೊಡ್ಡ, ಗಟ್ಟಿ ಹರಳುಗಳಾಗುತ್ತವೆ. ಆಮೇಲೆ ಯಾವ ಚಾರ್ಜರಿಗೂ ಅವು ಬಗ್ಗುವುದಿಲ್ಲ. ಇದರ ಜೊತೆಗೆ ಈ ಬ್ಯಾಟರಿ ತನ್ನಷ್ಟಕ್ಕೇ ತಿಂಗಳಿಗೆ ಶೇ. 3ರಿಂದ 5ರಷ್ಟು ಚಾರ್ಜ್ ಸೋರಿಸಿಕೊಳ್ಳುತ್ತದೆ, 10 ಡಿಗ್ರಿ ಬಿಸಿ ಏರಿದರೆ ಆ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸೆಪ್ಟೆಂಬರಿನಲ್ಲಿ ಅರ್ಧ ಬಳಸಿ ಅಟ್ಟಕ್ಕಿಟ್ಟ ಸೀಸದ ಬ್ಯಾಟರಿ ಬೇಸಿಗೆ ಮುಗಿಯುವ ಹೊತ್ತಿಗೆ ತಳ ಕಂಡಿರುತ್ತದೆ. ಸುಸ್ಥಿತಿಯಲ್ಲಿ ತುಂಬಿದ್ದಾಗ 12.6ರಿಂದ 12.8 ವೋಲ್ಟ್ ತೋರಿಸಬೇಕಾದ್ದು ಮುಂದಿನ ಜೂನ್‌ನಲ್ಲಿ ಒಂಬತ್ತೋ ಹತ್ತೋ ತೋರಿಸಿದರೆ, ಅದು ಆ ವರ್ಷದ ದುಡಿಮೆಗೆ ಸತ್ತದ್ದಲ್ಲ. ಹಿಂದಿನ ವರ್ಷದ ಕೊನೆಯ ಸಿಂಪಡಣೆಯ ಸಂಜೆ ಅದರ ಸಾವು ಶುರುವಾಗಿತ್ತು.

ಲಿಥಿಯಂ ಬ್ಯಾಟರಿಯಲ್ಲಿ ಇದೇ ಕತೆಗೆ ಇನ್ನೊಂದು ಪಾತ್ರ ಸೇರುತ್ತದೆ: ಒಳಗಿರುವ ರಕ್ಷಣಾ ಬೋರ್ಡು, ರಿಪೇರಿಯವರ ಮಾತಿನಲ್ಲಿ ಬಿಎಂಎಸ್. ಸೆಲ್ಲಿನ ವೋಲ್ಟೇಜ್ 4.2 ದಾಟದಂತೆ, 2.5-3ರ ಕೆಳಗೆ ಇಳಿಯದಂತೆ ಕಾಯುವುದು ಅದರ ಕೆಲಸ. ಕಾವಲಿಗೂ ಕೂಲಿ ಕೊಡಬೇಕು. ಯಂತ್ರ ನಿಂತಿದ್ದಾಗಲೂ ಬೋರ್ಡು ಬ್ಯಾಟರಿಯಿಂದಲೇ ಒಂದಿಷ್ಟು ಕರೆಂಟು ಎಳೆಯುತ್ತದೆ. ಅದು 50 ಮೈಕ್ರೋಆಂಪಿಯರ್ ಎಂದು ಇಟ್ಟುಕೊಳ್ಳೋಣ, ಇದು ಸಾಧಾರಣ ಒಳ್ಳೆಯ ಬೋರ್ಡಿನ ಲೆಕ್ಕ. 2000 ಮಿಲಿಆಂಪಿಯರ್-ಅವರ್‌ನ ಬ್ಯಾಟರಿಯನ್ನು ಯಂತ್ರ ತಾನಾಗಿ ನಿಲ್ಲುವ ತನಕ ಓಡಿಸಿ ಹಾಗೆಯೇ ಇಟ್ಟರೆ, ಒಳಗೆ ಶೇ. 5, ಅಂದರೆ 100 ಮಿಲಿಆಂಪಿಯರ್-ಅವರ್ ಉಳಿದಿರಬಹುದು. ಬೋರ್ಡಿಗೆ ಅದು 2000 ಗಂಟೆಗೆ, ಸುಮಾರು 83 ದಿನಕ್ಕೆ ಸಾಕು. ತಿಂಗಳಿಗೆ ಶೇ. 2ರಂತೆ ಸೆಲ್ಲಿನದೇ ಸೋರಿಕೆಯನ್ನು ಕೂಡಿಸಿದರೆ 40 ದಿನಕ್ಕೆ ಮುಗಿಯುತ್ತದೆ. ಅದೇ ಬ್ಯಾಟರಿಯನ್ನು ಅರ್ಧ ಚಾರ್ಜ್ ಮಾಡಿ ಇಟ್ಟಿದ್ದರೆ, ಎರಡೂ ಸೋರಿಕೆ ಸೇರಿಯೂ 13 ತಿಂಗಳು ತಾಳುತ್ತಿತ್ತು. ಒಂದು ಮಳೆಗಾಲದಿಂದ ಇನ್ನೊಂದಕ್ಕೆ ದಾಟಲು ಬೇಕಾದದ್ದು ಇಷ್ಟೇ. ಬ್ಯಾಟರಿ ಅದೇ, ಬೋರ್ಡು ಅದೇ, ಅಟ್ಟವೂ ಅದೇ. ವ್ಯತ್ಯಾಸ ಕೊನೆಯ ದಿನದ ಅರ್ಧ ಗಂಟೆ ಚಾರ್ಜಿನದು. ತಳ ಕಂಡ ಲಿಥಿಯಂ ಸೆಲ್ಲಿನ ವೋಲ್ಟೇಜ್ ಒಂದೂವರೆಯ ಕೆಳಗೆ ಜಾರಿದರೆ ಒಳಗಿನ ತಾಮ್ರದ ಹಾಳೆ ದ್ರಾವಣದಲ್ಲಿ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇರೆಲ್ಲೋ ಕೂತು ಒಳಗೇ ಶಾರ್ಟ್ ಆಗುವ ಅಪಾಯವಿದೆ. ಒಳ್ಳೆಯ ಚಾರ್ಜರ್ ಅಂಥ ಬ್ಯಾಟರಿಯನ್ನು ಚಾರ್ಜ್ ಮಾಡಲು ಒಪ್ಪದಿರುವುದು ಈ ಕಾರಣಕ್ಕೆ. ಬೇರೆ ಬ್ಯಾಟರಿಯಿಂದ ತಂತಿ ಎಳೆದು ಅದನ್ನು 'ಎಬ್ಬಿಸುವ' ಉಪಾಯ ಕೆಲವೊಮ್ಮೆ ಕೆಲಸ ಮಾಡಿದರೂ ಬೆಂಕಿಗೆ ಆಹ್ವಾನ ಕೊಟ್ಟಂತೆಯೇ.

ಬ್ಯಾಟರಿಯ ಆಯುಸ್ಸನ್ನು ಸೆಲ್ಲಿಗಿಂತ ಹೆಚ್ಚಾಗಿ ಅದರ ಸುತ್ತಲಿನ ಉಪಕರಣ ತೀರ್ಮಾನಿಸುತ್ತದೆ ಎನ್ನುವುದಕ್ಕೆ ಸ್ಪಷ್ಟ ಸಾಕ್ಷಿ ನಮ್ಮಲ್ಲಿ ಮಾರುವಂತಿಲ್ಲದ ಒಂದು ವಸ್ತುವಿನಲ್ಲಿದೆ. ಇ-ಸಿಗರೇಟನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿತು. 2019ರ ಸೆಪ್ಟೆಂಬರ್ 18ರಂದು ಕೇಂದ್ರದ ಸುಗ್ರೀವಾಜ್ಞೆ, ಅದೇ ವರ್ಷ ಕಾಯಿದೆ ಬಂದು, ಅದರ ತಯಾರಿ, ಆಮದು, ಮಾರಾಟ, ಜಾಹೀರಾತು, ದಾಸ್ತಾನು ಇಡೀ ದೇಶದಲ್ಲಿ ಅಪರಾಧವಾಯಿತು. ಆರೋಗ್ಯದ ದೃಷ್ಟಿಯಿಂದ ಬಂದ ನಿಷೇಧ ಅದು. ನಮಗೆ ಇಲ್ಲಿ ಬೇಕಾದದ್ದು ಅದರೊಳಗಿನ ವಿದ್ಯುತ್ ವ್ಯವಸ್ಥೆ ಮಾತ್ರ. ದೊಡ್ಡ ಮಾದರಿಗಳಲ್ಲಿ ಬಳಸುವುದು 18 ಮಿಲಿಮೀಟರ್ ಅಡ್ಡಳತೆ, 65 ಮಿಲಿಮೀಟರ್ ಉದ್ದದ 18650 ಸೆಲ್. ನಮ್ಮ ಬ್ಯಾಟರಿ ಗರಗಸ, ಟಾರ್ಚುಗಳಲ್ಲಿ ಬರುವುದೂ ಅದೇ ಜಾತಿಯದು. ಅಂಥ ಸಾಧನದ ಚಿಪ್, ಸೆಲ್ ಇಳಿದರೂ ಒಳಗಿನ ಕಾಯುವ ಸುರುಳಿಗೆ ಒಂದೇ ಸಮನಾದ ಶಕ್ತಿ ಕೊಡುತ್ತದೆ. 60 ವಾಟ್ ಕೊಡಬೇಕು, ಚಿಪ್ಪಿನ ದಕ್ಷತೆ ಶೇ. 90 ಎಂದರೆ ಸೆಲ್ಲಿನಿಂದ ಎಳೆಯಬೇಕಾದದ್ದು ಸುಮಾರು 67 ವಾಟ್. ತುಂಬಿದ ಸೆಲ್ 4.2 ವೋಲ್ಟ್‌ನಲ್ಲಿದ್ದಾಗ ಅದಕ್ಕೆ 16 ಆಂಪಿಯರ್ ಸಾಕು, 3.3 ವೋಲ್ಟಿಗೆ ಇಳಿದಾಗ 20 ಆಂಪಿಯರ್ ಬೇಕು. ಸೆಲ್ ಬಳಲಿದಷ್ಟೂ ಅದರ ಮೇಲೆ ಹೊರೆ ಹೆಚ್ಚು, ಒಳಗಿನ ಬಿಸಿಯಂತೂ ಶೇ. 60ರಷ್ಟು ಏರುತ್ತದೆ. ಬಳಸುವವನಿಗೆ ಇದೇನೂ ಗೊತ್ತಾಗುವುದಿಲ್ಲ. ಕೊನೆಯ ಕ್ಷಣದವರೆಗೂ ಯಂತ್ರ ಹೊಸದರಂತೆ ಓಡಿ, ಒಮ್ಮೆಗೇ ನಿಲ್ಲುತ್ತದೆ. ಹಳೆಯ ಬಲ್ಬಿನ ಟಾರ್ಚು ಮಂಕಾಗುತ್ತಾ ಬಂದು ಸೆಲ್ ಮುಗಿಯುತ್ತಿದೆಯೆಂದು ಮೊದಲೇ ಹೇಳುತ್ತಿತ್ತು. ನಿಯಂತ್ರಣದ ಚಿಪ್ ಇರುವ ಇಂದಿನ ಗರಗಸ, ಕಳೆಯಂತ್ರ, ಎಲ್‌ಇಡಿ ಟಾರ್ಚುಗಳು ಆ ಸೂಚನೆಯನ್ನು ಮುಚ್ಚಿಟ್ಟು ನಮಗೆ ಅನುಕೂಲ ಮಾಡಿಕೊಟ್ಟಿವೆ. ಯಂತ್ರ ನಿಲ್ಲುವ ತನಕ ಓಡಿಸುವ ಅಭ್ಯಾಸ ಬೆಳೆದದ್ದು ಹೀಗೆ, ಸೆಲ್‌ಗಳು ತಳ ಕಾಣುತ್ತಿರುವುದೂ ಹೀಗೆ.

ಅದೇ ಇ-ಸಿಗರೇಟಿನ ಇನ್ನೊಂದು ಬಗೆ ಇನ್ನೂ ದೊಡ್ಡ ಪಾಠ ಹೇಳುತ್ತದೆ. ಒಂದು ಸಲ ಬಳಸಿ ಎಸೆಯುವ ಮಾದರಿಗಳು ಬ್ರಿಟನ್ನಿನಲ್ಲಿ ಕೋಟಿಗಟ್ಟಲೆ ಕಸಕ್ಕೆ ಬಿದ್ದವು. ಅವುಗಳೊಳಗಿನ ಸೆಲ್‌ಗಳನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ತೆಗೆದು ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಬಾರಿಗೆಂದು ಮಾರಿದ ಆ ಸೆಲ್‌ಗಳು ನೂರಾರು ಸಲ ಮತ್ತೆ ಚಾರ್ಜ್ ಆಗಿ ಓಡಿದವು. ಸೆಲ್‌ಗಳಲ್ಲಿ ವರ್ಷಗಟ್ಟಲೆ ಆಯುಸ್ಸು ಇತ್ತು. ಚಾರ್ಜ್ ಮಾಡುವ ಕಿಂಡಿ ಇರಲಿಲ್ಲ, ಅಷ್ಟೇ. 2025ರ ಜೂನ್ 1ರಿಂದ ಬ್ರಿಟನ್ ಅಂಥ ಎಸೆಯುವ ಮಾದರಿಗಳ ಮಾರಾಟವನ್ನೇ ನಿಲ್ಲಿಸಿತು. ಅಗ್ಗದ ವಸ್ತುವಿನಲ್ಲಿ ಅಗ್ಗದ ಸೆಲ್ ಇರುತ್ತದೆ, ಅದು ಬೇಗ ಸಾಯುತ್ತದೆ ಎಂಬ ನಮ್ಮ ಊಹೆಗೆ ಈ ಪರೀಕ್ಷೆ ಸರಿಯಾದ ಪೆಟ್ಟು ಕೊಟ್ಟಿದೆ.

ಹಾಗಾದರೆ ಕಳಪೆ ಮಾಲು ಎಂಬ ದೂರು ಪೂರ್ತಿ ಸುಳ್ಳೇ? ಅಲ್ಲ. 18650 ಅಳತೆಯ ಸೆಲ್ಲಿನ ಮೇಲೆ 9900 ಮಿಲಿಆಂಪಿಯರ್-ಅವರ್ ಎಂದು ಅಚ್ಚು ಹಾಕಿ ಮಾರುವವರು ಇದ್ದಾರೆ. ಆ ಗಾತ್ರದಲ್ಲಿ ಹೆಸರಾಂತ ತಯಾರಕರ ಒಳ್ಳೆಯ ಸೆಲ್‌ಗಳು ನಿಲ್ಲುವುದೇ 3500ರ ಆಸುಪಾಸಿನಲ್ಲಿ. 18 ವೋಲ್ಟ್ ಎಂದು ಒಬ್ಬರು, 21 ವೋಲ್ಟ್ ಎಂದು ಇನ್ನೊಬ್ಬರು ಮಾರುವ ಬ್ಯಾಟರಿಗಳೆರಡರಲ್ಲೂ ಇರುವುದು ಸಾಲಾಗಿ ಜೋಡಿಸಿದ ಐದು ಸೆಲ್‌ಗಳೇ. ಒಬ್ಬರು ಸರಾಸರಿ 3.6ನ್ನು ಗುಣಿಸಿದ್ದಾರೆ, ಇನ್ನೊಬ್ಬರು ತುಂಬಿದಾಗಿನ 4.2ನ್ನು. ಸಾಲಿನಲ್ಲಿ ಒಂದು ಸೆಲ್ ದುರ್ಬಲವಾಗಿದ್ದರೆ ಅದು ಮೊದಲು ತಳ ಮುಟ್ಟುತ್ತದೆ, ಉಳಿದ ನಾಲ್ಕು ಗಟ್ಟಿಯಿದ್ದರೂ ಬೋರ್ಡು ಇಡೀ ಸಾಲನ್ನು ನಿಲ್ಲಿಸುತ್ತದೆ. ಇದನ್ನೆಲ್ಲ ಒಪ್ಪಲೇಬೇಕು. ಆದರೆ ಕಳಪೆ ಸೆಲ್ ತನ್ನ ಕಳಪೆತನವನ್ನು ಕೊಂಡ ಮೊದಲ ವಾರಗಳಲ್ಲೇ ತೋರಿಸುತ್ತದೆ: ಹೇಳಿದಷ್ಟು ಹೊತ್ತು ಓಡುವುದಿಲ್ಲ, ಚಾರ್ಜಿನಲ್ಲಿ ಬೇಗ ಬಿಸಿಯಾಗುತ್ತದೆ. ಒಂದು ಮಳೆಗಾಲ ಚೆನ್ನಾಗಿ ದುಡಿದು, ಎಂಟು ತಿಂಗಳು ಮಲಗಿ, ಎದ್ದೇಳದ ಬ್ಯಾಟರಿಯ ಮೇಲೆ ಆ ಆರೋಪ ಹೊರಿಸುವುದು ಕಷ್ಟ.

ಎರಡನೆಯ ಆಕ್ಷೇಪ ಬುದ್ಧಿವಂತರದು: ಬರಿದಾಗಿ ಇಡುವುದು ತಪ್ಪಾದರೆ, ಯಾವಾಗಲೂ ಚಾರ್ಜಿಗೆ ಹಾಕಿಯೇ ಇಟ್ಟರಾಯಿತಲ್ಲ? ಸೀಸದ ಬ್ಯಾಟರಿಗೆ ಇದು ಬಹಳಮಟ್ಟಿಗೆ ಸರಿ. ಮನೆಯ ಇನ್ವರ್ಟರ್ ಮಾಡುವುದೂ ಅದನ್ನೇ, ತುಂಬಿದ ಬ್ಯಾಟರಿಗೆ ಮೆಲ್ಲಗೆ ಕರೆಂಟು ಕೊಡುತ್ತಾ ತುಂಬಿಯೇ ಇಡುತ್ತದೆ. ಮೆಸ್ಕಾಂ ತಂತಿಯ ಮೇಲೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದಿದ್ದಾಗ ಬರಿದಾಗುವ ಇನ್ವರ್ಟರ್ ಬ್ಯಾಟರಿ, ಕರೆಂಟು ಬಂದ ಕೂಡಲೇ ಮತ್ತೆ ತುಂಬಿಕೊಳ್ಳುವುದರಿಂದ ಸಲ್ಫೇಟ್ ಹರಳು ಗಟ್ಟಿಯಾಗಲು ಬಿಡುವು ಸಿಗುವುದಿಲ್ಲ. ಅದಕ್ಕೆ ಬೇಕಾದ ಆರೈಕೆ ಬಟ್ಟಿ ಇಳಿಸಿದ (ಡಿಸ್ಟಿಲ್ಡ್) ನೀರನ್ನು ಕಾಲಕಾಲಕ್ಕೆ ತುಂಬುವುದು. 1995ರಲ್ಲಿ ಹರೀಶ್ ಹಂದೆ ಕಟ್ಟಿದ ಸೆಲ್ಕೋದಂಥ ಸಂಸ್ಥೆಗಳು ಕರ್ನಾಟಕದ ಹಳ್ಳಿಗಳಿಗೆ ಒಯ್ದ ಸೋಲಾರ್ ದೀಪಗಳಲ್ಲೂ ಇದೇ ತತ್ತ್ವ: ರಾತ್ರಿ ಬಳಸಿದ್ದನ್ನು ಹಗಲು ತುಂಬುವ ಬಿಸಿಲು, ಬ್ಯಾಟರಿ ತೀರಾ ಇಳಿಯುವ ಮೊದಲೇ ದೀಪ ಆರಿಸುವ ನಿಯಂತ್ರಕ. ದೀಪ ಆರಿದಾಗ ನಿಯಂತ್ರಕವನ್ನು ಬದಿಗಿಟ್ಟು ನೇರ ತಂತಿ ಕೊಡಿಸಿಕೊಂಡವರು ಅರ್ಧ ಗಂಟೆ ಬೆಳಕಿಗಾಗಿ ಬ್ಯಾಟರಿಯನ್ನೇ ತೆತ್ತಂತೆ. ಲಿಥಿಯಂನ ವಿಷಯ ಬೇರೆ. ಅದಕ್ಕೆ ತುಂಬಿ ಕೂರುವುದೂ ಹಿತವಲ್ಲ, ಬರಿದಾಗಿ ಕೂರುವುದೂ ಹಿತವಲ್ಲ. ಅರ್ಧ ಹೊಟ್ಟೆಯಲ್ಲಿ ತಂಪು ಜಾಗದಲ್ಲಿ ಮಲಗುವುದು ಅದಕ್ಕೆ ಒಗ್ಗುತ್ತದೆ. ಎರಡು ಜಾತಿಗೆ ಒಂದೇ ನಿಯಮ ಹೇಳಿದರೆ ಒಂದು ಸಾಯುತ್ತದೆ.

ಮೂರನೆಯದು ನಮ್ಮ ಹವೆಯ ಮೇಲಿನ ಆರೋಪ: ಇಷ್ಟು ಮಳೆ, ಇಷ್ಟು ಸಿಡಿಲು, ಇಷ್ಟು ಏರಿಳಿಯುವ ಕರೆಂಟು ಇರುವ ಊರಲ್ಲಿ ಎಲೆಕ್ಟ್ರಾನಿಕ್ಸ್ ಬಾಳುವುದಾದರೂ ಹೇಗೆ? ಇದರಲ್ಲಿ ಹುರುಳಿದೆ. ಮಳೆಗೆ ಮುಂಚಿನ ಗುಡುಗು-ಸಿಡಿಲಿಗೆ ಗೋಡೆಯಲ್ಲಿ ಸಿಕ್ಕಿಸಿಟ್ಟ ಚಾರ್ಜರುಗಳು ಸುಡುತ್ತವೆ. ಬೋರ್ಡೋ ದ್ರಾವಣದ ತಾಮ್ರದ ಲವಣ ತೇವ ಹೀರಿ ಟರ್ಮಿನಲ್‌ಗಳನ್ನು ತಿನ್ನುತ್ತದೆ, ಬೋರ್ಡಿನ ಮೇಲೆ ಪದರವಾಗಿ ಕೂತು ಹೊಸ ಸೋರಿಕೆಯ ದಾರಿ ತೆರೆಯುತ್ತದೆ. ಆದರೆ ಇದು ಚಾರ್ಜರಿನ, ಸ್ವಿಚ್ಚಿನ, ಟರ್ಮಿನಲ್ಲಿನ ಸಾವು. ಲಿಥಿಯಂ ಸೆಲ್ ಲೋಹದ ಕವಚದಲ್ಲಿ ಮುಚ್ಚಿಕೊಂಡಿದೆ, ಹೊರಗಿನ ತೇವ ಅದರೊಳಗೆ ಹೋಗುವುದಿಲ್ಲ. ಎರಡನ್ನೂ ಬೇರೆ ಮಾಡಿ ನೋಡಲು ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಬ್ಯಾಟರಿಯ ತುದಿಯಲ್ಲಿ ಸರಿಯಾದ ವೋಲ್ಟೇಜ್ ಇದ್ದೂ ಯಂತ್ರ ಓಡದಿದ್ದರೆ ದೋಷ ಮಳೆಯದೋ ತಂತಿಯದೋ ಆಗಿರಬಹುದು. ತುದಿಯಲ್ಲೇ ವೋಲ್ಟೇಜ್ ಇಲ್ಲದಿದ್ದರೆ ಬೋರ್ಡು ಬಾಗಿಲು ಹಾಕಿಕೊಂಡಿರಬಹುದು, ಇಲ್ಲವೇ ಸೆಲ್ ಬರಿದಾಗಿರಬಹುದು. ಒಳಗಿನ ಸೆಲ್‌ಗಳನ್ನು ಅಳೆದು ನೋಡುವ ರಿಪೇರಿಯವರಿಗೆ ಅದು ಎರಡು ನಿಮಿಷದ ಕೆಲಸ. ಅಳೆಯದೆ ಎಸೆಯುವ ಬ್ಯಾಟರಿಗಳಲ್ಲಿ ಎಷ್ಟೋ ಬದುಕಿದವೂ ಇರುತ್ತವೆ.

ಇಷ್ಟನ್ನೂ ತೂಗಿ ನೋಡಿದರೆ ಮಾಡಬೇಕಾದ್ದು ಸ್ವಲ್ಪವೇ. ಕೊನೆಯ ಸಿಂಪಡಣೆಯ ದಿನ ಸ್ಪ್ರೇಯರನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಕಳಚಲು ಬರುವ ಬ್ಯಾಟರಿಯಾದರೆ ಕಳಚಿ, ಬಾರದಿದ್ದರೆ ಮುಖ್ಯ ಸ್ವಿಚ್ ಆರಿಸಿ. ಲಿಥಿಯಂ ಆದರೆ ಅರ್ಧ ಚಾರ್ಜ್, ಸೀಸದ್ದಾದರೆ ಪೂರ್ತಿ ಚಾರ್ಜ್ ಮಾಡಿ ಅಟ್ಟದ ಬದಲು ನೆಲಮಟ್ಟದ ತಂಪು ಕೋಣೆಯಲ್ಲಿಡಿ. ಸೀಸದ್ದನ್ನು ಎರಡು ತಿಂಗಳಿಗೊಮ್ಮೆ, ಲಿಥಿಯಂ ಬ್ಯಾಟರಿಯನ್ನು ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆ ತೆಗೆದು ನೋಡಿ ಸ್ವಲ್ಪ ತುಂಬಿ. ಹೊಸದನ್ನು ಕೊಳ್ಳುವಾಗ ಎಷ್ಟು ಆಂಪಿಯರ್ ಎಂಬುದಕ್ಕಿಂತ ಮೊದಲು ಯಾವ ಜಾತಿಯ ಸೆಲ್, ಬಿಡಿ ಬ್ಯಾಟರಿ ಸಿಗುತ್ತದೆಯೇ, ಸುತ್ತಮುತ್ತ ರಿಪೇರಿ ಆಗುತ್ತದೆಯೇ ಎಂದು ಕೇಳಿ. ನಿಜಕ್ಕೂ ಸತ್ತ ಬ್ಯಾಟರಿಯನ್ನು ತೋಟದ ಗುಂಡಿಗೆ, ಒಣಕಸದ ಚೀಲಕ್ಕೆ ಹಾಕಬೇಡಿ. ಹಳೆಯ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಬೇರೆ ಕಸದಿಂದ ಪ್ರತ್ಯೇಕಿಸಿ ಕೊಡುವುದು ಬಳಕೆದಾರರ ಪಾಲಿನ ಕರ್ತವ್ಯ. ಬ್ಯಾಟರಿ ಎಷ್ಟು ವರ್ಷ ಬರುತ್ತದೆ ಎಂಬ ಪ್ರಶ್ನೆಗೆ ಅಂಗಡಿಯವನ ಹತ್ತಿರ ಇರುವುದು ಅರ್ಧ ಉತ್ತರ ಮಾತ್ರ. ಉಳಿದರ್ಧವನ್ನು ಮಳೆಗಾಲ ಮುಗಿದ ವಾರದಲ್ಲಿ ನೀವೇ ಬರೆಯಬೇಕು.